ಬಾಗಿಲಡಿಯ ಸಂದಿ

ಕುವೈತಿನಲ್ಲಿ ವಿಷಾನಿಲ ಸೋರಿದರೆ ಅದು ಎತ್ತ ಹರಿದೀತೆಂದು ಕಂಪ್ಯೂಟರಿನಲ್ಲಿ ಗಣಿಸುವುದು ನನ್ನ ಕಾಯಕವಾಗಿತ್ತು. ಅದಕ್ಕಾಗಿ ಗಾಳಿ ತುಂಬಿದ ಜಾಗವನ್ನೆಲ್ಲ ಬಲೆಯ ಕಣ್ಣುಗಳಂತೆ ಕೋಶಗಳಾಗಿ ವಿಭಾಗಿಸಬೇಕು. ಕೋಶ ಕಿರಿದಾದಷ್ಟೂ ಉತ್ತರ ನಿಖರ, ಯಂತ್ರಕ್ಕೆ ಹೊರೆಯೂ ಅಧಿಕ. ಅವಸರದಲ್ಲಿ ಎಲ್ಲೆಡೆ ಗೇಣಗಲದ ಕೋಶಗಳನ್ನೇ ಇಟ್ಟು, ತೈಲಬಾವಿಯ ಬಳಿಯ ಕಾವಲು ಕೋಣೆ ಸುರಕ್ಷಿತವೆಂದು ಬರೆದುಕೊಟ್ಟೆ. ನಮ್ಮ ಕರಾವಳಿಯವರೊಬ್ಬರು ಹಗಲೆಲ್ಲ ಅಲ್ಲಿ ಕೂರುತ್ತಿದ್ದರು.

ಮರುದಿನ ಧೂಳುಗಾಳಿ ಎದ್ದಿತು. ಬ್ಯಾರಿ ಸಹೋದ್ಯೋಗಿಯೊಬ್ಬರು ನಮ್ಮ ಕಚೇರಿಯ ಬಾಗಿಲಡಿಗೆ ಒದ್ದೆ ಟವೆಲು ತುರುಕುತ್ತ, "ಎರಡು ಬೆರಳಿನ ಸಂದಿ ಸಾಕು ಸಾರ್, ಜಹ್ರಾ ಮರುಭೂಮಿಯ ಮರಳೆಲ್ಲ ನಿಮ್ಮ ಚಹಾಕ್ಕೆ ಬರ್ತದೆ" ಎಂದು ನಕ್ಕರು.

ಕೂಡಲೇ ನಕ್ಷೆ ತೆರೆದು ನೋಡಿದೆ. ಕಾವಲು ಕೋಣೆಯ ಬಾಗಿಲಿಗೂ ಅಂಥದೇ ಸಂದಿಯಿತ್ತು. ಗೇಣಗಲದ ಕೋಶದಲ್ಲಿ ಅದು ಲೆಕ್ಕಕ್ಕೇ ಬಾರದೆ ಮುಚ್ಚಿಹೋಗಿತ್ತು. ನಾರಾಯಣ ಸ್ಮರಣೆ ಮಾಡುತ್ತ, ಬಾಗಿಲ ಬಳಿ ಮಾತ್ರ ಕೋಶಗಳನ್ನು ಬೆರಳಿಗಿಂತ ಕಿರಿದಾಗಿಸಿ, ದೂರ ಸರಿದಂತೆ ಮೆಲ್ಲಮೆಲ್ಲನೆ ಹಿಗ್ಗಿಸಿ ಮತ್ತೆ ಗಣಿಸಿದೆ. ಎರಡು ಬಾರಿ ಯಂತ್ರ ನಿಂತುಹೋಯಿತು. ಮೂರನೆಯ ಬಾರಿ ಪರದೆಯ ಮೇಲೆ ಅನಿಲವು ಬಾಗಿಲಡಿಯಿಂದ ನುಗ್ಗಿ ಕೋಣೆಯನ್ನೆಲ್ಲ ತುಂಬಿತು.

ಮೇಲಧಿಕಾರಿಗೆ ತೋರಿಸಿದೆ. "ವರದಿ ಹೋಗಿ ಆಯ್ತು, ಖಲಾಸ್" ಎಂದರು.

ಅಷ್ಟರಲ್ಲಿ ಗಾಳಿ ಶಮಿಸಿ ಬಿಸಿಲು ಬಂದಿತ್ತು. ಅನ್ಯ ಮಾರ್ಗ ತೋಚದೆ ಆ ಕಾವಲುಗಾರರಿಗೆ ಫೋನು ಮಾಡಿ, ಬಾಗಿಲಡಿಗೆ ಒದ್ದೆ ಬಟ್ಟೆಯನ್ನಾದರೂ ಇಡಿರೆಂದು ಅಂಗಲಾಚಿದೆ.

"ಈಗ ಧೂಳೇ ಇಲ್ಲವಲ್ಲ ಸಾರ್, ಯಾಕೆ ಮಾರಾಯ್ರೆ?" ಎಂದು ಅವರು ನಕ್ಕರು.

"ಧೂಳಾದರೆ ಕಣ್ಣಿಗೆ ಕಾಣುತ್ತದೆ, ಅನಿಲ ಕಾಣುವುದಿಲ್ಲ" ಎಂದೆ.