ಹುಣಸೆಹಣ್ಣಿನಲ್ಲಿ ತೊಳೆದ ಗುಲ್ಡನ್

ವುಡ್‌ಬ್ರಿಡ್ಜ್‌ನಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮಾಲೀಕರು ಬೆಳಗಾವಿಯವರು. ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದು ಸೋಫಾದಲ್ಲಿ ಕೂತಲ್ಲೇ ಅವರು ನಿದ್ದೆಹೋದ ದಿನಗಳೇ ನನ್ನ ಡೈರಿಯಲ್ಲಿ ಹೆಚ್ಚು. ಏನು ಹೇಳಿದರೂ ‘ಇರ್ಲಿ ಬಿಡ್ರಿ’ ಅನ್ನುತ್ತಿದ್ದರು. ವರ್ಷಗಟ್ಟಲೆ ಓವರ್‌ಟೈಮ್ ಮಾಡಿ ಕೊಂಡ ಎರಡು ಜರ್ಮನ್ ಗುಲ್ಡನ್‌ಗಳ ವಿಷಯದಲ್ಲಿ ಮಾತ್ರ ಹಾಗಲ್ಲ. ಅವು ಆರುನೂರು ವರ್ಷಗಳ ಹಿಂದೆ ಸುತ್ತಿಗೆಯಿಂದ ಬಡಿದು ಮಾಡಿದ, ಸರಿಯಾಗಿ ದುಂಡಗೂ ಇಲ್ಲದ ತೆಳು ಚಿನ್ನದ ನಾಣ್ಯಗಳು. ಒಂದು ಬದಿಗೆ ಸಂತನ ಚಿತ್ರ. ಅಂಚು ಹಿಡಿದು ತೋರಿಸುತ್ತ, ‘ನೋಡ್ರಿ, ಮುಟ್ಟಬ್ಯಾಡ್ರಿ. ಒಂದು ಗೀರು ಬಿದ್ರೂ ಬೆಲಿ ಹೋಗತೈತಿ’ ಎನ್ನುತ್ತಿದ್ದರು.

2017ರ ದೀಪಾವಳಿಗೆ ಊರಿನಿಂದ ಬಂದಿದ್ದ ಅವರ ತಾಯಿ ಲಕ್ಷ್ಮೀಪೂಜೆಗೆಂದು ಒಂದು ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ, ಪಾತ್ರೆ ಉಜ್ಜುವ ತಂತಿಯಿಂದ ತಿಕ್ಕಿದ್ದರು. ಕೆಲಸದಿಂದ ಬಂದ ಮಾಲೀಕರು ದೇವರ ಮುಂದೆ ಅದನ್ನು ಕಂಡು ಜಾಕೆಟ್ಟೂ ಬಿಚ್ಚದೆ ಕುಳಿತುಬಿಟ್ಟರು. ಸಂತನ ಮುಖದ ತುಂಬ ಗೀರು.

‘ಎಷ್ಟು ಕೊಳಿ ಹಿಡದಿತ್ತೋ ತಮ್ಮಾ! ನಿನ್ನ ಹೇಣ್ತಿಗೆ ಇದನ್ನ ತಿಕ್ಕಾಕ ಕೈ ನೋಯ್ತಿತ್ತೇನು?’ ಎಂದರು ತಾಯಿ.

‘ಅತ್ತಿ, ಅದನ್ನ ತಿಕ್ಕಬಾರದಿತ್ರಿ, ಅದು ಈಗ...’ ಎಂದು ಹೆಂಡತಿ ಶುರುಮಾಡಿದರು.

ಹೆಂಡತಿಯ ಮಾತು ಮುಗಿಯುವ ಮೊದಲೇ ಮಾಲೀಕರು ಎದ್ದು ಒಳಗೆ ಹೋಗಿ, ಇನ್ನೊಂದು ನಾಣ್ಯ ತಂದು ತಾಯಿಯ ಅಂಗೈಯಲ್ಲಿಟ್ಟರು.

‘ಇದೂ ಭಾಳ ಹೊಲಸಾಗೇತಿ ನೋಡ ಯವ್ವಾ. ಇದನ್ನೂ ತಿಕ್ಕಿ ಕೊಡು.’