ಸುಲೋಚನಾ ಮಲಗಿಸಿಟ್ಟ ಬಾಳೆ

ಅಡಿಲೇಡಿನ ಕಿಲ್ಬರ್ನ್‌ನಲ್ಲಿ ಬಾಡಿಗೆಗಿದ್ದ ಸುಲೋಚನಾ ಸೋಫಾ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮೊದಲ ಚಳಿಗಾಲದಲ್ಲೇ ಅವಳು ಹಿತ್ತಲಲ್ಲಿ ನೆಟ್ಟ ಬಾಳೆಗಿಡಗಳು ಕಪ್ಪಾಗಿ ಕೊಳೆತುಹೋಗಿದ್ದವು. ಮರುವರ್ಷ, ಅಲ್ಲಿ ಚಳಿ ಶುರುವಾಗುವ ಮೇ ತಿಂಗಳಲ್ಲಿ, ಮೂರು ಹೊಸ ಗಿಡಗಳನ್ನು ಗಡ್ಡೆಸಮೇತ ಅಗೆದು, ಎಲೆ ಕತ್ತರಿಸಿ, ಮಣ್ಣು ಕೊಡವಿ, ಗೋಣಿ ಸುತ್ತಿ ಗ್ಯಾರೇಜಿನ ಮೂಲೆಯಲ್ಲಿ ಮಲಗಿಸಿದಳು.

“ನೀರು ಹಾಕ್ಬೇಡಿ, ಮುಟ್ಲೂಬೇಡಿ. ಚಳಿ ಹೋದ್ಮೇಲೆ ಸೆಪ್ಟೆಂಬರಲ್ಲಿ ಮತ್ತೆ ನೆಡ್ತೀನಿ,” ಎಂದು ಗಂಡ ಉತ್ತಮ್‌ಗೆ ಎರಡೆರಡು ಸಲ ಹೇಳಿದ್ದಳು.

ಜುಲೈನಲ್ಲಿ ಒಂದು ದಿನ ಕೆಲಸದಿಂದ ಬಂದು ನೋಡಿದರೆ ಗೋಣಿ ಖಾಲಿ.

“ನನ್ನ ಬಾಳೆ ಎಲ್ರೀ?”

“ಇವತ್ತು ಮನೆ ಇನ್‌ಸ್ಪೆಕ್ಷನ್ ಇತ್ತಲ್ಲ, ಬಾಡಿಗೆ ಏಜೆಂಟ್ ಬಂದು ಅದು ಸತ್ತಿದೆ ಅಂದ ಕಣೇ. ರಿಪೋರ್ಟಲ್ಲಿ ಕಸ ಅಂತ ಬರೀತೀನಿ ಅಂದ. ಕಸದ ಬಿನ್‌ಗೆ ಹಾಕ್ಬಿಟ್ಟೆ.”

“ಸತ್ತಿದೆ ಅನ್ನೋಕೆ ಅವನ್ಯಾರು? ನಾನು ಹೇಳಿದ್ದು ಕಿವಿಗೇ ಬೀಳಲ್ಲ, ಕೋಟು ಹಾಕ್ಕೊಂಡವನು ಹೇಳಿದ್ರೆ ವೇದವಾಕ್ಯ, ಅಲ್ವಾ?”

ಅವಳು ಬಿನ್ನನ್ನು ಅಂಗಳದಲ್ಲೇ ಬೋರಲು ಹಾಕಿದಳು. ಎರಡು ಗಡ್ಡೆ ಇಡಿಯಾಗಿ ಉಳಿದಿದ್ದವು. ಮೂರನೆಯದು ಬಿನ್ನಿನಲ್ಲಿ ಹಿಡಿಸಲಿಲ್ಲವೆಂದು ಉತ್ತಮ್ ಸನಿಕೆಯಿಂದ ಸೀಳಿದ್ದ. ಸೀಳಿದ ಜಾಗ ಬೆಳ್ಳಗಿತ್ತು, ರಸ ಒಸರುತ್ತಿತ್ತು. ಅದರ ಫೋಟೋ ತೆಗೆದು, “ಇದು ನೀವು ಸತ್ತಿದೆ ಅಂದ ಗಿಡ. ರಿಪೋರ್ಟ್ ತಿದ್ದಿ,” ಎಂದು ಏಜೆಂಟಿಗೆ ಕಳಿಸಿದಳು.

ಸೆಪ್ಟೆಂಬರಿನಲ್ಲಿ ಉತ್ತಮ್ ತಾನಾಗಿಯೇ ಗುಂಡಿ ತೋಡಿದ. ಅವಳು ಉಳಿದ ಎರಡು ಗಡ್ಡೆಗಳನ್ನು ನೆಟ್ಟಳು. ಅಕ್ಟೋಬರಿನಲ್ಲಿ ಸುರುಳಿ ಎಲೆ ಮೂಡಿತು. ಜನವರಿಯ ಹೊತ್ತಿಗೆ ಎರಡೂ ಗಿಡ ಬೇಲಿಯಿಂದಾಚೆಗೆ ಇಣುಕುತ್ತಿದ್ದವು.

ಆಗಲೇ ಮಾಲೀಕರು ಮನೆ ಮಾರಾಟಕ್ಕಿಟ್ಟರು. ಜಾಹೀರಾತಿನ ಮೊದಲ ಫೋಟೋ ಅವಳ ಬಾಳೆಯದೇ! ಕೆಳಗೆ ‘ಸೊಂಪಾದ ಬಾಳೆತೋಟ’ ಎಂಬ ಬರಹ. ಸುಲೋಚನಾ ಉರಿದುಬಿದ್ದಳು. “ಜುಲೈನಲ್ಲಿ ಕಸ, ಜನವರಿಯಲ್ಲಿ ತೋಟವಾ? ನಾಚಿಕೆ ಆಗಲ್ವಾ ಇವರಿಗೆ?”

ಈ ಸಲ ಏಜೆಂಟಿಗೆ ಫೋನ್ ಮಾಡಿದವನು ಉತ್ತಮ್. ಗಿಡಗಳು ನೆಲದಲ್ಲಿವೆ, ಮನೆಯ ಜೊತೆಗೇ ಹೋಗುತ್ತವೆ ಎಂದ ಏಜೆಂಟ್.

“ಅವು ನನ್ನ ಹೆಂಡತಿ ಬದುಕಿಸಿಕೊಂಡ ಗಿಡಗಳು. ಜಾಹೀರಾತಿಂದ ಫೋಟೋ ತೆಗೆದುಹಾಕಿ. ಗಿಡ ನಾವು ತಗೊಂಡು ಹೋಗ್ತೀವಿ,” ಎಂದು ಉತ್ತಮ್ ಇಂಗ್ಲಿಷಿನಲ್ಲಿ, ದನಿ ಏರಿಸಿಯೇ ಹೇಳಿದ. ಹೆಂಡತಿಗೆ ಕೇಳಲಿ ಎಂದು ಸ್ಪೀಕರ್ ಹಾಕಿದ್ದ.

ಮರುದಿನ ಫೋಟೋ ಮಾಯವಾಯಿತು. ಕ್ಷಮೆಯ ಮಾತು ಮಾತ್ರ ಬರಲಿಲ್ಲ. ಗಂಡಹೆಂಡತಿ ಸೇರಿ ಗಿಡಗಳನ್ನು ಅಗೆದು ಡ್ರಮ್ಮುಗಳಿಗೆ ಇಳಿಸಿದರು. ಸ್ಯಾಲಿಸ್‌ಬರಿಯ ಹೊಸ ಬಾಡಿಗೆ ಮನೆಗೆ ಹೋಗುವ ಮೊದಲು, ಬಾಳೆ ಬಾಡಿಗೆದಾರರದ್ದು, ಚಳಿಗಾಲದಲ್ಲಿ ಗ್ಯಾರೇಜಿನಲ್ಲಿರುತ್ತದೆ ಎಂದು ಕರಾರಿನಲ್ಲಿ ಬರೆಯುವವರೆಗೆ ಸುಲೋಚನಾ ಸಹಿಗೆ ಪೆನ್ನು ಮುಟ್ಟಲಿಲ್ಲ.