ಮುಂಡೇರ ಕಾವಲು

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಗಳಿದ್ದ ಆ ತಟ್ಟಿಮನೆಗಳ ಲೈನಿನಲ್ಲಿ ಒಂದು ಪದ್ಧತಿಯಿತ್ತು. ಕಾಲ ಕೆಳಗೆ ನೆಲ ಅದುರಿತೆಂದರೆ ಗಣಿಯೊಳಗೆ ಎಲ್ಲೋ ಬಂಡೆ ಸಿಡಿದಿದೆ ಎಂದೇ ಅರ್ಥ. ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ಓಡುತ್ತಿದ್ದರು. ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಒಳಗಿರುವವನು ಮೇಲೆ ಬರುವ ಮುಂಚೆ ಅವನ ಮನೆ ಬಾಗಿಲು ಹಾಕಿದರೆ ಅವನು ಬರುವ ದಾರಿಯನ್ನೇ ಮುಚ್ಚಿದಂತೆ ಎಂದು ಅವರ ನಂಬಿಕೆ. ಆ ನಂಬಿಕೆ ದೇವರಿಗೆ ಗೊತ್ತಿತ್ತೋ ಇಲ್ಲವೋ, ಕಳ್ಳನಿಗಂತೂ ಚೆನ್ನಾಗಿ ಗೊತ್ತಿತ್ತು.

ಕದಿರಮ್ಮ ಬೂದಿಕೋಟೆ ಕಡೆಯ ಹೆಣ್ಣು. ಮುನಿಶಾಮಿಯ ಕೈಹಿಡಿದು ಈ ಲೈನಿಗೆ ಬಂದಾಗ ತವರಿನವರು ಕೊಟ್ಟಿದ್ದು ಒಂದು ತಾಮ್ರದ ಹಂಡೆ. ಗಂಡ ಗಣಿಯಿಂದ ಬಂದರೆ ಅದರಲ್ಲಿ ಕಾದ ನೀರು ಹೊಯ್ದು ಅವನ ಬೆನ್ನು ಉಜ್ಜುವುದರಲ್ಲೇ ಅವಳಿಗೆ ದಿನದ ಸುಖವೆಲ್ಲ ಇತ್ತು. ಐವತ್ತರ ದಶಕ ಮುಗಿಯುತ್ತಿದ್ದಾಗ ಒಂದು ಮಧ್ಯಾಹ್ನ ನೆಲ ಅದುರಿತು. ಅವಳೂ ಓಡಿದಳು. ಸಂಜೆ ಮುನಿಶಾಮಿಯ ಹೆಣದ ಹಿಂದೆ ಮನೆಗೆ ಬಂದರೆ ಹಂಡೆ ಇಲ್ಲ.

ಕಟ್ಟಿಕೊಂಡ ಗಂಡನ ಹೆಣ ತೊಳೆಯುವುದಕ್ಕೆ ನೀರು ಕಾಯಿಸಲು ಅವಳ ಮನೆಯಲ್ಲಿ ಪಾತ್ರೆಯಿಲ್ಲದೆ ಹೋಯಿತು. ಪಕ್ಕದ ಲೈನಿನ ಜಯರಾಮಪ್ಪ, ಅವಳ ಊರಿನವನೇ, ಗಣಿಯ ಮೇಲಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದವನು, ಎಲ್ಲಿಂದಲೋ ಒಂದು ಹಂಡೆ ಹೊತ್ತು ತಂದ. ತಾನೇ ಕಲ್ಲು ಹೂಡಿ ಒಲೆ ಹಚ್ಚಿದ.

"ಅಳ್ಬೇಡ ಕಣಕ್ಕ, ನಿನ್ ತಮ್ಮ ನಾನಿಲ್ವಾ," ಎಂದ. ಕದಿರಮ್ಮ ಅವನಿಗೆ ಕೈ ಮುಗಿದಳು.

ಬಂಡೆಯ ಮೇಲೆ ಯಾರಾದರೂ ಸೇಡು ತೀರಿಸಿಕೊಳ್ಳಲು ಆಗುತ್ತದೆಯೇ? ಶಾಪ ಹಾಕಿದರೆ ಅದಕ್ಕೆ ಕಿವಿಯಿದೆಯೇ? ಅವಳ ಎದೆಯ ಬೆಂಕಿಗೆಲ್ಲ ಆ ಕಳ್ಳನೊಬ್ಬನೇ ಗುರಿಯಾದ. ಅವನ ಮುಖ ಗೊತ್ತಿಲ್ಲದಿದ್ದರೂ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವನನ್ನು ನೆನೆಯುತ್ತಿದ್ದಳು. ತಿಥಿ ಮುಗಿದ ಮಾರನೆಯ ದಿನವೇ ನಲ್ಲಿಯ ಹತ್ತಿರ ಹೆಂಗಸರನ್ನು ನಿಲ್ಲಿಸಿಕೊಂಡಳು.

"ಬ್ಲಾಸ್ಟ್ ಆದಾಗೆಲ್ಲ ಯಾರ್ದಾದ್ರೂ ಮನೇಲಿ ಏನಾದ್ರೂ ಓಗ್ತೈತೆ. ಇನ್ಮೇಲೆ ನಾವು ಕೆಲವ್ರು ಇಲ್ಲೇ ಇದ್ದು ಕಾಯ್ಬೇಕು."

"ಗಂಡ ಒಳಗಿದ್ರೆ ಇಲ್ಲಿ ಎಂಗಕ್ಕ ಕೂತ್ಕೊಳ್ಳೋದು?" ಎಂದಳು ಪಕ್ಕದ ಮನೆಯ ಕನಕಮ್ಮ.

"ನೀವು ಓಡ್ರಿ. ಒಳಗೆ ಯಾರೂ ಇಲ್ದೋರು ಕಾಯ್ತೀವಿ. ನಾನು, ಅಶ್ವತ್ಥಮ್ಮ, ಓಬಳಮ್ಮ. ಗಂಡನ್ನ ಗಣಿ ನುಂಗಾಯ್ತಲ್ಲ, ನಮಗೇನು ಅವಸರ?"

ಗಂಡಸರು ಇದಕ್ಕೆ ಮುಂಡೇರ ಕಾವಲು ಎಂದು ಹೆಸರಿಟ್ಟು ನಕ್ಕರು. ಕದಿರಮ್ಮ ಬೇಸರಪಡಲಿಲ್ಲ. ಅದೇ ಹೆಸರನ್ನು ತಾನೂ ಹೇಳಿಕೊಂಡು ತಿರುಗಿದಳು. ಲೈನಿನ ಬಾಯಲ್ಲಿ ದೊಣ್ಣೆ ಹಿಡಿದು ನಿಂತರೆ ಕಳ್ಳ ಈ ಕಡೆ ತಲೆ ಹಾಕುವುದಿಲ್ಲ ಎಂದು ಓಬಳಮ್ಮ ಹೇಳಿದ್ದಕ್ಕೆ ಮಾತ್ರ ಸಿಡಿಮಿಡಿಗೊಂಡಳು.

"ಅವನು ಬರ್ಬಾರ್ದು ಅಂತ ಅಲ್ಲ ಕಣೆ ನಾನು ಕಾಯೋದು. ಬರ್ಲಿ. ಬರ್ಲೇಬೇಕು. ಬಾಗಿಲಿಂದೆ ಅಡಗಿ ಕೂತ್ಕೊಳ್ಳಿ, ಉಸಿರು ಬಿಡಬ್ಯಾಡಿ."

ಹಾಗೆ ಎಷ್ಟೋ ಸಲ ನೆಲ ಅದುರಿತು, ಎಷ್ಟೋ ಸಲ ಮೂವರೂ ಒನಕೆ ಹಿಡಿದು ಕತ್ತಲೆ ಮೂಲೆಗಳಲ್ಲಿ ಕೂತರು. ಕಳ್ಳ ಬರಲಿಲ್ಲ. ಈ ನಡುವೆ ಕದಿರಮ್ಮನ ಮಗ ಕೊಂಡಪ್ಪ ಅಪ್ಪನ ಕೆಲಸಕ್ಕೆ ಸೇರಿ ಒಳಗೆ ಇಳಿಯತೊಡಗಿದ. ಇನ್ನು ಅವಳು ಕಾವಲು ಬಿಡಬೇಕೆಂದು ಎಲ್ಲರೂ ಹೇಳಿದರು. ಮೇಲೆ ಬಂದ ಹುಡುಗ ಮೊದಲು ಹುಡುಕುವುದು ತಾಯಿಯ ಮುಖವನ್ನಲ್ಲವೇ? ಕದಿರಮ್ಮ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ಅರವತ್ತರ ದಶಕ ಹುಟ್ಟಿ ಸ್ವಲ್ಪ ಕಾಲವಾಗಿತ್ತು. ಒಂದು ದಿನ ಊಟದ ಹೊತ್ತಿಗೆ ಗೋಡೆಯ ಮೇಲಿನ ತಟ್ಟೆಗಳೆಲ್ಲ ಉರುಳಿ ಬೀಳುವಂತೆ ನೆಲ ಕುಲುಕಿತು. ಸೈರನ್ ಕೂಗಿತು. ಹೆಂಗಸರು ಬಾಯಿ ಬಡಿದುಕೊಂಡು ಓಡಿದರು. ಕೊಂಡಪ್ಪ ಒಳಗಿದ್ದ. ಕದಿರಮ್ಮ ಎರಡು ಹೆಜ್ಜೆ ಓಡಿ, ನಿಂತು, ಹಲ್ಲು ಕಚ್ಚಿಕೊಂಡು ಕನಕಮ್ಮನ ಮನೆಗೆ ನುಗ್ಗಿ ರಾಗಿ ಗುಡಾಣದ ಹಿಂದೆ ಕೂತಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. "ಕನಕಮ್ಮಾ, ಇದ್ದೀಯೇನಮ್ಮಾ?" ಎಂದು ಮೆಲ್ಲಗೆ ಕರೆದು, ಉತ್ತರ ಬಾರದಾಗ ಒಳಗೆ ಬಂದವನ ಕೈ ಹಿತ್ತಾಳೆ ಬಿಂದಿಗೆಯ ಕಂಠಕ್ಕೆ ಹೋಯಿತು. ಕದಿರಮ್ಮನ ಒನಕೆ ಆ ಕೈಯ ಮೇಲೆ ಬಿತ್ತು. ಕೂಗಿಕೊಂಡು ಕುಸಿದವನು ಜಯರಾಮಪ್ಪ.

ಅವಳಿಗೆ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಎಲ್ಲವೂ ತೋಚಿತು.

"ನನ್ ಹಂಡೆ ಕದ್ದೋನು ನೀನೇ, ಬ್ಯಾರೆ ಹಂಡೆ ತಂದ್ಕೊಟ್ಟೋನೂ ನೀನೇ. ಅಲ್ವೇನ್ಲಾ?"

"ತಪ್ಪಾಯ್ತಕ್ಕಾ. ಬಂಗಾರಪೇಟೇಲಿ ಮಾರ್ಬಿಟ್ಟೆ. ನಿನ್ ಮಗ ಒಳಗವ್ನೆ, ನೀನು ಓಡಿರ್ತೀಯ ಅಂದ್ಕೊಂಡೆ. ಕಾಲಿಗೆ ಬೀಳ್ತೀನಿ."

ಅವನು ಕಾಲಿಗೆ ಬೀಳುವುದನ್ನು ಅವಳು ಎಷ್ಟು ದಿನ ಕನಸು ಕಂಡಿದ್ದಳೋ! ಆದರೆ ಬಿದ್ದಾಗ ಏನೇನೂ ಸಾಲದೆನ್ನಿಸಿತು. ಅಶ್ವತ್ಥಮ್ಮ, ಓಬಳಮ್ಮ ಬಂದರು. ಮೂವರೂ ಸೇರಿ ಅವನನ್ನು ಎಳೆದುಕೊಂಡು ಹೋಗಿ ನಲ್ಲಿಯ ಪಕ್ಕದ ಕಂಬಕ್ಕೆ ಬಿಗಿದರು. ಎಲ್ಲರೂ ತಿರುಗಿ ಬಂದಮೇಲೆ ನ್ಯಾಯ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಅವನ ಹೆಂಡತಿ ಆದಿಲಕ್ಷ್ಮಮ್ಮ ತಲೆಗೂದಲು ಕೆದರಿಕೊಂಡು ಆ ದಾರಿಯಲ್ಲೇ ಓಡಿ ಬಂದಳು. ಕಂಬಕ್ಕೆ ಕಟ್ಟಿದ್ದ ಗಂಡನನ್ನು ಕಂಡು ಯಾಕೆ ಏನೆಂದು ಕೂಡ ಕೇಳಲಿಲ್ಲ.

"ನಮ್ ರಾಮಚಂದ್ರ ಒಳಗವ್ನೆ! ಹಗಲು ಪಾಳಿ ಆರುಮುಗಂಗೆ ಜ್ವರ ಅಂತ ಅವನ ಬದ್ಲು ಇಳ್ದವ್ನೆ, ನೀನು ಬಂಗಾರಪೇಟೆ ರೈಲಿಳಿದು ಬರೋಕೆ ಮುಂಚೇನೆ ಓದ! ಬಾ, ಬಾ!" ಎಂದಳು.

ಜಯರಾಮಪ್ಪ ಹಗ್ಗ ಜಗ್ಗಿದ. ಮಗ ರಾತ್ರಿ ಪಾಳಿಯವನು, ಮನೆಯಲ್ಲಿ ಮಲಗಿದ್ದಾನೆಂದೇ ಅವನು ತಿಳಿದಿದ್ದ. "ಅಕ್ಕಾ, ಬಿಚ್ಚಕ್ಕಾ. ಮಗನ್ನ ನೋಡ್ಕೊಂಡು ನಾನೇ ಬಂದು ಇದೇ ಕಂಬಕ್ಕೆ ನಿಂತ್ಕೋತೀನಿ. ದೇವರಾಣೆ."

"ನನ್ ಮಗನೂ ಒಳಗವ್ನೆ. ನಾನು ಕೂತಿಲ್ವಾ? ನೀನೂ ಕೂತ್ಕೋ."

ಆದಿಲಕ್ಷ್ಮಮ್ಮ ಕದಿರಮ್ಮನ ಗಲ್ಲ ಹಿಡಿದು ಬೇಡಿದಳು, ಕೊನೆಗೆ ಕಾಯಲಾರದೆ ಒಬ್ಬಳೇ ಓಡಿದಳು. ಅಶ್ವತ್ಥಮ್ಮ ಗಂಟಿಗೆ ಕೈ ಹಾಕಿದಳು.

"ಬ್ಯಾಡ ಕದಿರಮ್ಮ, ಇದು ಪಾಪ. ಬಿಟ್ಬಿಡಾನ."

"ಬಿಚ್ಚಿದ್ರೆ ನಿನ್ ಕೈನೂ ಮುರೀತೀನಿ."

ಅಶ್ವತ್ಥಮ್ಮ, ಓಬಳಮ್ಮ ಇಬ್ಬರೂ ಒನಕೆ ಅಲ್ಲೇ ಎಸೆದು ಶಾಫ್ಟಿನ ಕಡೆ ಹೊರಟುಹೋದರು. ಕದಿರಮ್ಮ ಒಬ್ಬಳೇ ಉಳಿದಳು. ಕೊಂಡಪ್ಪನ ಕಡೆ ಓಡಬೇಕೆಂದು ಎರಡು ಸಲ ಎದ್ದಳು. ಆದರೆ ತಾನು ಹೋದರೆ ಯಾರಾದರೂ ಬಂದು ಇವನನ್ನು ಬಿಚ್ಚುತ್ತಾರೆ. ಜಯರಾಮಪ್ಪ ಅತ್ತ, ಬೈದ, ಮತ್ತೆ ಅತ್ತ. ಅವಳಿಗೆ ಅದನ್ನು ಕೇಳುವುದು ಹಿತವಾಗಿತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಹೊತ್ತಿಳಿದ ಮೇಲೆ ತಿರುವಿನ ಆಚೆಯಿಂದ ಆದಿಲಕ್ಷ್ಮಮ್ಮನ ಗೋಳು ಕೇಳಿಸಿತು. ಕದಿರಮ್ಮ ತಾನೇ ಎದ್ದು ಹಗ್ಗ ಬಿಚ್ಚಿದಳು. ಜಯರಾಮಪ್ಪ ಜೋಮು ಹಿಡಿದ ಕಾಲೆಳೆಯುತ್ತ ಆ ಗೋಳಿನ ಕಡೆ ಹೋದ. ಲೈನಿಗೆ ತಿರುಗಿ ಬಂದ ಹೆಂಗಸರಲ್ಲಿ ಒಬ್ಬಳೂ ಕಳ್ಳನ ಮಾತೆತ್ತಲಿಲ್ಲ.

ಕೊಂಡಪ್ಪ ಜೀವಂತವಾಗಿ ಬಂದ. ಅವಳು ಅವನ ತಲೆ, ಭುಜ, ಕೈಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಒಳಗೆ ಕೂರಿಸಿ ಮುದ್ದೆ ಬಡಿಸಿದಳು. ಅವನು ತಟ್ಟೆಗೆ ಕೈ ಹಾಕಲಿಲ್ಲ.

"ರಾಮಚಂದ್ರ ನನ್ ಪಕ್ಕದಾಗೇ ಬಿದ್ದಿದ್ದ ಕಣಮ್ಮ. ಮೇಲಕ್ಕೆ ತಂದಾಗ್ಲೂ ಉಸಿರಿತ್ತು. ಕಣ್ಬಿಟ್ಟು, ಅಪ್ಪ ಬರ್ಲಿಲ್ವಾ ಅಂದ. ಬತ್ತಾವ್ನೆ, ದಾರೀಲವ್ನೆ ಅಂತ ಸುಳ್ಳು ಹೇಳ್ದೆ. ಅವನು ದಾರಿ ಕಡೇನೇ ನೋಡ್ತಾ ಜೀವ ಬಿಟ್ಟ."

"ನಿಮ್ಮಪ್ಪನ್ನ ತೊಳ್ಯೋಕೆ ನಂಗೆ ಒಂದು ಪಾತ್ರೆ ಇರ್ಲಿಲ್ಲ," ಎಂದಳು ಕದಿರಮ್ಮ.

"ನಾನೂ ಮೇಲೆ ಬಂದ್ ತಕ್ಷಣ ನಿನ್ನೇ ಹುಡುಕ್ದೆ."

ಕೊಂಡಪ್ಪ ಎದ್ದು, ಹೆಣ ಹೊರಲು ಜಯರಾಮಪ್ಪನ ಮನೆ ಕಡೆ ನಡೆದ. ಉಂಡು ಹೋಗೋ ಎಂದು ಅವಳು ಬಾಗಿಲಲ್ಲಿ ನಿಂತು ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಅವಳು ಒಳಗೆ ಬಂದು ತಟ್ಟೆಯ ಮುಂದೆ ಕೂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ಮಗನಿಗೆ ಬಡಿಸಿದ ಮುದ್ದೆಯನ್ನು ತಾನೇ ಮುರಿದು ಉಂಡಳು.